ರಾವಣನಿಗೆ ಏಳೇ ತಲೆ ಏಕೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಚಿತ್ರ ಬಿಡಿಸುವ ಎಐಗೆ ‘ಹತ್ತು ತಲೆಯ ರಾವಣ’ ಎಂದು ಪ್ರಾಂಪ್ಟ್ (ಬರಹದ ಸೂಚನೆ) ಕೊಟ್ಟರೆ ಒಮ್ಮೆ ಏಳು ತಲೆ, ಒಮ್ಮೆ ಹದಿಮೂರು. ‘ಹತ್ತು’ ಎಂದು ಮೂರು ಸಲ ಬರೆದರೂ ಅಷ್ಟೆ. ಅಂಚಿನ ಮುಖಗಳಂತೂ ಕರಗಿದ ಮೇಣ. ತಪ್ಪು ಎಲ್ಲಿದೆ?

ಉತ್ತರ: ಡಿಫ್ಯೂಷನ್ ಮಾಡೆಲ್‌ಗೆ, ಅಂದರೆ ಚುಕ್ಕಿಗಳ ಗೊಂದಲವನ್ನು ಹಂತಹಂತವಾಗಿ ತಿಳಿಗೊಳಿಸಿ ಚಿತ್ರ ಮೂಡಿಸುವ ಎಐಗೆ, ಎಣಿಕೆ ಸರಿಯಾಗಿ ಬಾರದು. ‘ಹತ್ತು’ ಅದರ ಪಾಲಿಗೆ ಹೆಚ್ಚುಕಡಿಮೆ ‘ಬಹಳ’. ಮೂರು ಸಲ ಬರೆದರೆ ‘ಬಹಳ ಬಹಳ’.

ಮೇಣದ ಮುಖಕ್ಕೆ ಕಾರಣವೇ ಬೇರೆ. 2022ರ ಸ್ಟೇಬಲ್ ಡಿಫ್ಯೂಷನ್ ಎಂಬ ಮಾಡೆಲ್ 512×512 ಪಿಕ್ಸೆಲ್ ಚಿತ್ರವನ್ನು ನೇರವಾಗಿ ಬಿಡಿಸುವುದಿಲ್ಲ. ಎಂಟು ಪಟ್ಟು ಕುಗ್ಗಿಸಿದ 64×64 ಮನೆಗಳ ಜಾಲದಲ್ಲಿ ಕೆಲಸ ಮುಗಿಸಿ, ಕೊನೆಗೆ ಹಿಗ್ಗಿಸುತ್ತದೆ. ಹತ್ತು ತಲೆ ಅಡ್ಡಸಾಲಿನಲ್ಲಿ ನಿಂತರೆ ಒಂದೊಂದರ ಅಗಲಕ್ಕೆ ಸಿಗುವುದು ಆರೇ ಮನೆ. ಅಷ್ಟರಲ್ಲಿ ಕಣ್ಣು, ಮೂಗು, ಮೀಸೆ, ಕಿರೀಟ ಹಿಡಿಸುವುದುಂಟೆ?

ಆದ್ದರಿಂದ ಎಣಿಕೆ ನಿಮ್ಮ ಕೈಯಲ್ಲೇ ಇರಲಿ. ಬಿಳಿ ಹಾಳೆಯ ಮೇಲೆ ಹತ್ತು ಮೊಟ್ಟೆಯಾಕಾರ ಗೀಚಿ, ಆ ರೇಖಾಚಿತ್ರವನ್ನು ಕಂಟ್ರೋಲ್‌ನೆಟ್‌ಗೆ (ಕೊಟ್ಟ ರೇಖೆಯಂತೆಯೇ ಮಾಡೆಲ್ ಬಿಡಿಸುವಂತೆ ಹಿಡಿದಿಡುವ ಜೋಡಣೆ) ಕೊಡಿ. ನಡುವೆ ಒಂದು ಮುಖವಿಟ್ಟರೆ ಎಡಕ್ಕೆ ನಾಲ್ಕು, ಬಲಕ್ಕೆ ಐದು ಉಳಿಯುತ್ತವೆ. ಆ ಓರೆಯನ್ನು ಸರಿಮಾಡಲು ಹೋಗಬೇಡಿ, ಚೆಂದವಿರುವುದೇ ಅದರಲ್ಲಿ. ಚಿತ್ರ ಬಂದ ಮೇಲೆ ಒಂದೊಂದೇ ಮುಖವನ್ನು ಮಾಸ್ಕ್ ಹಾಕಿ ಗುರುತಿಸಿ, ಆ ಭಾಗವನ್ನಷ್ಟೇ 512 ಪಿಕ್ಸೆಲ್‌ಗೆ ಹಿಗ್ಗಿಸಿ ಇನ್‌ಪೇಂಟ್ ಮಾಡಿ (ಮತ್ತೆ ಬಿಡಿಸಿ), ಡಿನಾಯ್ಸಿಂಗ್ (ಹಳೆಯ ಚಿತ್ರವನ್ನು ಎಷ್ಟು ಬದಲಿಸಬೇಕೆಂಬ ಅಳತೆ) 0.4ರಿಂದ 0.5. ಈ ಹಂತದಲ್ಲಿ ಪ್ರಾಂಪ್ಟ್ ಬದಲಿಸಿ ‘ಒಂದು ಮುಖ’ ಎಂದಷ್ಟೇ ಬರೆಯಬೇಕು. ಹಳೆಯದನ್ನೇ ಬಿಟ್ಟು ಡಿನಾಯ್ಸಿಂಗ್ 0.7 ದಾಟಿಸಿದರೆ ಕೆನ್ನೆಯ ಜಾಗದಲ್ಲಿ ಇನ್ನೊಬ್ಬ ಪುಟಾಣಿ ರಾವಣ ಎದ್ದು ಕೂರುತ್ತಾನೆ!

ಪ್ರಶ್ನೆ: ಗ್ರೀಕ್ ಪುರಾಣದಲ್ಲಿ ಚಕ್ರವ್ಯೂಹದೊಳಗಿರುವ ಗೂಳಿತಲೆಯ ಮಿನೊಟಾರ್‌ನ ಸರಣಿಗೆ ಚಕ್ರವ್ಯೂಹ ಬೇಕು. ಮಾಡೆಲ್ ಕೊಡುವ ಚಿತ್ರ ನೋಡಲು ಸೊಗಸು, ಬೆರಳಿಟ್ಟು ಹೋದರೆ ದಾರಿ ಗೋಡೆಗೆ ಬಡಿಯುತ್ತದೆ.

ಉತ್ತರ: ಅದು ಚಕ್ರವ್ಯೂಹದ ಮೈಬಣ್ಣವನ್ನು ಕಲಿತಿದೆ, ದಾರಿಯನ್ನಲ್ಲ. ಆಲ್ಗರಿದಮ್ ಎಂದರೆ ಡಿಫ್ಯೂಷನ್ ಒಂದೇ ಅಲ್ಲವಲ್ಲ. ಕಲಾವಿದ ಹೆರಾಲ್ಡ್ ಕೊಹೆನ್ 1970ರ ದಶಕದಲ್ಲಿ ಕಟ್ಟಲಾರಂಭಿಸಿದ ‘ಆರನ್’ ಎಂಬ ಪ್ರೋಗ್ರಾಮ್ ಬರಿಯ ನಿಯಮಗಳಿಂದಲೇ ಚಿತ್ರ ಬಿಡಿಸುತ್ತಿತ್ತು. ನಿಮಗೂ ಅದೇ ದಾರಿ.

ಕ್ರೀಟ್ ದ್ವೀಪದ ಪ್ರಾಚೀನ ಕ್ನೋಸಸ್ ನಾಣ್ಯಗಳ ಮೇಲಿರುವ ಏಳು ಸುತ್ತಿನ ವಿನ್ಯಾಸ ತೆಗೆದುಕೊಳ್ಳಿ. ಮೊದಲು ಒಂದು ಕೂಡು ಗುರುತು. ಅದರ ನಾಲ್ಕು ಅಂಕಣಗಳಲ್ಲಿ ನಾಲ್ಕು ಎಲ್ ಆಕಾರ, ಎಲ್ಲದರ ಮೂಲೆಯೂ ಕೇಂದ್ರದ ಕಡೆಗೆ. ಹೊರಮೂಲೆಗಳಲ್ಲಿ ನಾಲ್ಕು ಚುಕ್ಕಿ. ಕೂಡು ಗುರುತಿನ ತುದಿ ನಾಲ್ಕು, ಎಲ್‌ಗಳ ತುದಿ ಎಂಟು, ಚುಕ್ಕಿ ನಾಲ್ಕು: ಒಟ್ಟು ಹದಿನಾರು ಬಿಂದು. ಕೂಡು ಗುರುತಿನ ಮೇಲ್ತುದಿಗೆ 16 ಎಂದು ಹೆಸರಿಟ್ಟು, ಅದರ ಬಲಪಕ್ಕದಿಂದ ಗಡಿಯಾರದ ದಿಕ್ಕಿನಲ್ಲಿ 1, 2, 3 ಎಣಿಸುತ್ತ ಬನ್ನಿ. ಮೊತ್ತ 17 ಆಗುವ ಜೋಡಿಗಳನ್ನೆಲ್ಲ ಮೇಲಿನಿಂದ ಕಮಾನು ಹಾಕಿ ಸೇರಿಸಿ: 16–1, 15–2, ಹೀಗೆ 9–8ರವರೆಗೆ. ಎಂಟು ಕಮಾನು, ನಡುವೆ ಏಳು ದಾರಿ. 8 ಮತ್ತು 9ರ ನಡುವೆ ಬಾಗಿಲು. 16–1ರ ಕಮಾನಿನೊಳಗೆ ಮಿನೊಟಾರ್. ಕವಲೇ ಇಲ್ಲ. ಒಂದು ಬಿಂದು ಜೋಡಿಯಿಲ್ಲದೆ ಉಳಿದರೆ ಎಣಿಕೆಯಲ್ಲಿ ಒಂದು ಬಿಂದು ಹಾರಿಸಿದ್ದೀರಿ ಎಂದೇ ಅರ್ಥ; ಹೆಚ್ಚಾಗಿ ಚುಕ್ಕಿಯೇ ಬಿಟ್ಟುಹೋಗಿರುತ್ತದೆ. ರೇಖೆ ಸಿದ್ಧವಾದ ಮೇಲೆ ಕಲ್ಲು, ಪಾಚಿ, ನೆರಳು ತುಂಬುವುದನ್ನು ಮಾಡೆಲ್‌ಗೆ ಬಿಡಿ.

ಪ್ರಶ್ನೆ: ಆದಿಮಾತೆ ಎಂದರೂ, ನೋಡಿದವರನ್ನು ಕಲ್ಲಾಗಿಸುವ ಗ್ರೀಕ್ ಪುರಾಣದ ಮೆಡುಸಾ ಎಂದರೂ ಒಂದೇ ನುಣುಪು ಮುಖ ಬರುತ್ತದಲ್ಲ?

ಉತ್ತರ: ಹೆಸರು ಹೇಳಿದರೆ ವೇಷ ಬರುತ್ತದೆ. ಆ ಹೆಸರಿನ ಅಡಿಬರಹವಿದ್ದ ಚಿತ್ರಗಳ ಸರಾಸರಿ ಅದು. ಮನೋವಿಜ್ಞಾನಿ ಯೂಂಗ್ ಆದಿಪ್ರತಿಮೆ ಎಂದದ್ದು ಸಿದ್ಧ ಚಿತ್ರವನ್ನಲ್ಲ, ಚಿತ್ರ ಮೂಡುವ ಅಚ್ಚನ್ನು. ಹೆಸರು ಅಳಿಸಿ, ಸಂಬಂಧ ಬರೆಯಿರಿ: ‘ನೋಡಿದವನು ಅರ್ಧ ಕಲ್ಲಾಗಿದ್ದಾನೆ, ಅವಳು ಬೇರೆಲ್ಲೋ ನೋಡುತ್ತಿದ್ದಾಳೆ’. ಸಿಎಫ್‌ಜಿಯನ್ನು (ಪ್ರಾಂಪ್ಟ್‌ಗೆ ಮಾಡೆಲ್ ಎಷ್ಟು ಅಂಟಿಕೊಳ್ಳಬೇಕೆಂಬ ಅಳತೆ) 7ರಿಂದ 4–5ಕ್ಕೆ ಇಳಿಸಿ. 12ರ ಮೇಲೆ ಬಣ್ಣ ಸುಟ್ಟಂತಾಗುತ್ತದೆ. ವಿಶೇಷಣಗಳ ಮೆರವಣಿಗೆ ಬೇಡ. ಪ್ರಾಂಪ್ಟ್ ಓದುವ ಭಾಗವಾದ ಕ್ಲಿಪ್ ಓದುವುದು 77 ಟೋಕನ್ (ಪದ ಅಥವಾ ಪದದ ತುಣುಕು) ಮಾತ್ರ, ಅದರಲ್ಲೂ ಆರಂಭ ಮತ್ತು ಅಂತ್ಯದ ಗುರುತಿಗೆ ಎರಡು ಹೋಗುತ್ತವೆ.

ಪ್ರಶ್ನೆ: 1024 ಪಿಕ್ಸೆಲ್ ಚಿತ್ರವನ್ನು ಎಷ್ಟು ದೊಡ್ಡದಾಗಿ ಮುದ್ರಿಸಬಹುದು?

ಉತ್ತರ: ಇಂಚಿಗೆ 300 ಚುಕ್ಕಿಯಂತೆ ಸುಮಾರು 8.7 ಸೆಂಟಿಮೀಟರ್. ಗೋಡೆಗೆ ಬೇಕಿದ್ದರೆ ಮೊದಲು ಹಿಗ್ಗಿಸಿ, ಮುಖಗಳ ತಿದ್ದುಪಡಿ ಆಮೇಲೆ.