ಮನೆ ಜಾಸ್ತಿ ಕಟ್ಟಿದರೆ ಬಾಡಿಗೆ ಇಳಿಯುತ್ತಾ?

ಬೆಂಗಳೂರಿನಲ್ಲಿ ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟ್ ಏಳುತ್ತಿದೆ, ಆದರೂ ಬಾಡಿಗೆ ಏರುತ್ತಲೇ ಇದೆ, ಹಾಗಾದರೆ "ಜಾಸ್ತಿ ಕಟ್ಟಿದರೆ ಅಗ್ಗವಾಗುತ್ತದೆ" ಅನ್ನೋದು ಬಿಲ್ಡರ್‌ಗಳ ಕಟ್ಟುಕಥೆಯೇ ಅಂತ ಕೇಳಿದ್ದೀರಿ.

ಕಟ್ಟುಕಥೆ ಅಲ್ಲ. 2020ನ್ನು ನೆನಪಿಸಿಕೊಳ್ಳಿ. ಲಾಕ್‌ಡೌನ್‌ನಲ್ಲಿ ಐಟಿಯವರು ಊರಿಗೆ ಹೋದರು. ಮಾರತ್‌ಹಳ್ಳಿ, ಬೆಳ್ಳಂದೂರು ಕಡೆ ಗೇಟುಗಳಲ್ಲಿ ಟು ಲೆಟ್ ಬೋರ್ಡು ನೇತಾಡಿದವು, ಹತ್ತು ತಿಂಗಳ ಅಡ್ವಾನ್ಸ್ ಬಿಟ್ಟು ಮಾತಾಡದ ಓನರ್‌ಗಳೂ ಚೌಕಾಸಿಗೆ ಇಳಿದರು. 2022ರಲ್ಲಿ ಎಲ್ಲರೂ ಒಟ್ಟಿಗೆ ವಾಪಸ್ ಬಂದರು ನೋಡಿ, ಓನರ್‌ಗಳು ಬಾಡಿಗೆದಾರರ ಲಿಂಕ್ಡ್‌ಇನ್ ಪ್ರೊಫೈಲ್ (ಓದು, ಕೆಲಸದ ವಿವರ ಹಾಕುವ ಜಾಲತಾಣದ ಪುಟ) ಕೇಳುವ ಮಟ್ಟಕ್ಕೆ ಹೋಯಿತು. ಅಷ್ಟರಲ್ಲಿ ಮನೆಗಳೇನೂ ಮಾಯವಾಗಿರಲಿಲ್ಲ, ಖಾಲಿ ಮನೆ ಕಮ್ಮಿಯಾಗಿತ್ತು, ಅಷ್ಟೇ.

ಹಾಗಾಗಿ ಬಂದವರಿಗಿಂತ ಜಾಸ್ತಿ ಕಟ್ಟಿದ್ದಾರಾ ಅಂತ ನೋಡಬೇಕು. ಅಮೆರಿಕದ ಆಸ್ಟಿನ್‌ನಲ್ಲಿ ಹಾಗೆ ಕಟ್ಟಿದರು. 2022ರಲ್ಲಿ ತುದಿ ಮುಟ್ಟಿದ್ದ ಬಾಡಿಗೆ ಮುಂದಿನ ಎರಡು ವರ್ಷ ಇಳಿಯಿತು. ನ್ಯೂಜಿಲೆಂಡ್‌ನ ಆಕ್ಲೆಂಡ್ 2016ರಲ್ಲಿ ವಸತಿ ಜಾಗದ ಸುಮಾರು ಮುಕ್ಕಾಲು ಭಾಗದಲ್ಲಿ ಹೆಚ್ಚು ಮನೆ ಕಟ್ಟಲು ಬಿಟ್ಟಿತು. ಅಲ್ಲಿ ಬಾಡಿಗೆ ಇಳಿಯಲಿಲ್ಲ, ಆದರೆ ದೇಶದ ಬೇರೆ ಕಡೆ ಏರಿದಷ್ಟು ಏರಲೂ ಇಲ್ಲ.

ನಮ್ಮಲ್ಲಿ ತೊಡಕು ಬೇರೆ. ಕಟ್ಟಿದ್ದೆಲ್ಲ ಬಾಡಿಗೆಗೆ ಬರುವುದಿಲ್ಲ. 2011ರ ಜನಗಣತಿಯಲ್ಲೇ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆ ಖಾಲಿ ಇದ್ದವು. ಫ್ಲಾಟಿನ ಬೆಲೆಗೆ ಹೋಲಿಸಿದರೆ ವರ್ಷದ ಬಾಡಿಗೆ ಬ್ಯಾಂಕಿನ ಎಫ್‌ಡಿ ಬಡ್ಡಿಗಿಂತ ಕಮ್ಮಿ, ಮೇಲೆ ಬಾಡಿಗೆದಾರ ಬಿಡದೇ ಕೂತರೆ ಅನ್ನೋ ಭಯ, ಹೇಗೂ ಬೆಲೆ ಏರುತ್ತೆ ಬಿಡು ಅಂತ ಬೀಗ ಹಾಕಿಡುತ್ತಾರೆ. ಇನ್ನು ಲೇಔಟುಗಳಲ್ಲಿ ಸೈಟ್ ಹಿಡಿದಿಟ್ಟು ವರ್ಷಗಟ್ಟಲೆ ಕಾಂಗ್ರೆಸ್ ಗಿಡ ಬೆಳೆಸುವವರಿಗೇನು ಕಮ್ಮಿ ಇಲ್ಲ. ನನ್ನನ್ನು ಕೇಳಿದರೆ ಖಾಲಿ ಸೈಟಿನ ತೆರಿಗೆ ಕೈ ಸುಡುವಷ್ಟು ಇರಬೇಕು.

ದುಬಾರಿ ಫ್ಲಾಟ್ ಕಟ್ಟಿದರೆ ಬಡವರಿಗೇನು ಲಾಭ ಅಂತ ಕೇಳುವವರಿದ್ದಾರೆ. ಸ್ವಲ್ಪ ಇದೆ. ಕೋಟಿ ಕೊಡಬಲ್ಲವನಿಗೆ ಹೊಸ ಫ್ಲಾಟ್ ಸಿಗದಿದ್ದರೆ ಅವನು ನಿಮ್ಮ ಟು ಬಿಎಚ್‌ಕೆಗೇ ಜಾಸ್ತಿ ಕೊಟ್ಟು ಬರುತ್ತಾನೆ, ನೀವು ಒನ್ ಬಿಎಚ್‌ಕೆಗೆ ಇಳೀತೀರಿ, ಅಲ್ವಾ? ಆದರೆ ವಠಾರ ಕೆಡವಿ ಅದೇ ಜಾಗದಲ್ಲಿ ಪಿಜಿ ಎಬ್ಬಿಸಿದಾಗ ಅಲ್ಲಿದ್ದ ಗಾರ್ಮೆಂಟ್ಸ್ ಕೆಲಸದವರು ಇವತ್ತೇ ಬೇರೆ ಮನೆ ಹುಡುಕಬೇಕು. ಹೊಸ ಫ್ಲಾಟಿನ ಲಾಭ ಅವರ ತನಕ ಇಳಿಯಲು ವರ್ಷಗಳೇ ಬೇಕು. ಅವರಿಗೆ ಸರ್ಕಾರವೇ ಕಟ್ಟಿ ಬಾಡಿಗೆಗೆ ಕೊಡಬೇಕು. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ 1920ರ ದಶಕದಿಂದ ಹೀಗೆ ಕಟ್ಟುತ್ತಾ ಬಂದಿದೆ, ಅಲ್ಲೀಗ ಹೆಚ್ಚುಕಮ್ಮಿ ಅರ್ಧ ಊರು ನಗರಪಾಲಿಕೆಯ ಅಥವಾ ಸಬ್ಸಿಡಿ ಮನೆಗಳಲ್ಲೇ ಇದೆ.