ಸಂಬಳ ವಾಪಸ್ ಕೊಟ್ಟು ವೀಸಾ ಪಡೆಯಬೇಡಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಬರೆದಾಕೆ ಬ್ರಿಟನ್‌ನಲ್ಲಿರುವ ಯುವತಿ. 2023ರ ಸೆಪ್ಟೆಂಬರ್‌ನಲ್ಲಿ ಮಾಸ್ಟರ್ಸ್ ಓದಲು ಹೋದವರು. ಓದು ಮುಗಿಸಿ, ಎರಡು ವರ್ಷದ ಗ್ರಾಜುಯೇಟ್ ವೀಸಾ ಮೇಲೆ ಸಣ್ಣ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾರೆ. ವರ್ಷಕ್ಕೆ 27,000 ಪೌಂಡ್ ಸಂಬಳ. ವೀಸಾ ಮುಗಿಯಲು ನಾಲ್ಕೇ ತಿಂಗಳಿದೆ. ಮುಂದಿನ ಕೆಲಸದ ವೀಸಾಕ್ಕೆ ಮಾಲೀಕರು ಸ್ಪಾನ್ಸರ್ ಮಾಡಲು ಒಪ್ಪಿದ್ದಾರೆ. 'ಆದರೂ ನಿದ್ದೆ ಬರ್ತಿಲ್ಲ. ಇಲ್ಲೇ ಇರಲಾ, ಊರಿಗೆ ಬಂದುಬಿಡಲಾ?' ಅನ್ನೋದು ಪ್ರಶ್ನೆ.

ನಿಯಮಗಳ ಬಗ್ಗೆ ನಿಮಗಿರುವ ಬೇಸರ ನ್ಯಾಯವಾದದ್ದೇ. ನೀವು ಹೋದಾಗ ಹೊಸದಾಗಿ ಕೆಲಸಕ್ಕೆ ಸೇರುವವರ ಸ್ಕಿಲ್ಡ್ ವರ್ಕರ್ ವೀಸಾಕ್ಕೆ, ಅಂದರೆ ಕಂಪನಿ ಸ್ಪಾನ್ಸರ್ ಮಾಡುವ ಕೆಲಸದ ವೀಸಾಕ್ಕೆ, ಕನಿಷ್ಠ ಸಂಬಳ 20,960 ಪೌಂಡ್ ಇತ್ತು. 2024ರ ಏಪ್ರಿಲ್‌ನಲ್ಲಿ ಅದು 30,960 ಆಯಿತು. 2025ರ ಜುಲೈನಲ್ಲಿ 33,400. ಒಂದು ಲೆಕ್ಕ ನಂಬಿ ಹೋದವರಿಗೆ ನಡುದಾರಿಯಲ್ಲಿ ಲೆಕ್ಕವೇ ಬದಲಾಯಿತು.

ಆದರೆ ನಿಮ್ಮ ನಿದ್ದೆ ಕೆಡಿಸಿರೋದು ಇದಲ್ಲ. ಪತ್ರದ ಕೊನೆಯಲ್ಲಿ, ನಿಮ್ಮ ಭಾವ ಹೇಳಿದ್ದನ್ನು ಬರೆಯುವ ನಡುವೆ, ಮಾಲೀಕರ ಬಗ್ಗೆ ಒಂದು ಸಾಲು ಸೇರಿಸಿದ್ದೀರಿ: 'ಪೇಸ್ಲಿಪ್‌ನಲ್ಲಿ 33,400 ತೋರಿಸ್ತಾರಂತೆ, ಜಾಸ್ತಿ ಬಂದದ್ದನ್ನು ತಿಂಗಳು ತಿಂಗಳು ಕ್ಯಾಶ್‌ನಲ್ಲಿ ವಾಪಸ್ ಕೊಟ್ಟರಾಯ್ತು.'

ಕೊಟ್ಟರಾಯ್ತು ಅಂತ ಎಷ್ಟು ಸಲೀಸಾಗಿ ಬರೆದುಬಿಟ್ಟಿರಿ!

ಆ ಪೇಸ್ಲಿಪ್ಪನ್ನೇ ಮುಂದಿಟ್ಟುಕೊಳ್ಳೋಣ. ವರ್ಷಕ್ಕೆ 6,400 ಪೌಂಡ್ ವ್ಯತ್ಯಾಸ, ಅಂದರೆ ತಿಂಗಳಿಗೆ ಸುಮಾರು 533. ಇದರ ಮೇಲೆ ಶೇ. 20 ಆದಾಯ ತೆರಿಗೆ, ಶೇ. 8 ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಯ ವಂತಿಗೆ) ಕಡಿತ. ನಿಮ್ಮ ಕೈಗೆ ಬರೋದು 384. ಮಾಲೀಕರಿಗೆ ಎಣಿಸಿ ಕೊಡಬೇಕಾದ್ದು 533. ನಿಮಗೆ ಸಿಗದ ಹಣಕ್ಕೆ ತೆರಿಗೆ ಕಟ್ಟಿ, ತಿಂಗಳಿಗೆ 149 ಪೌಂಡ್ ಕೈಯಿಂದ ಕಳಕೊಳ್ಳುತ್ತೀರಿ.

ಹಣ ಹೋದರೆ ಹೋಗಲಿ. ಇದು ಸುಳ್ಳು ಸಂಬಳ ತೋರಿಸಿ ವೀಸಾ ಪಡೆಯುವ ವಂಚನೆ. ಅರ್ಜಿಯಲ್ಲಿ ವಂಚನೆ ಸಾಬೀತಾದರೆ ಹತ್ತು ವರ್ಷ ಬ್ರಿಟನ್ ಬಾಗಿಲು ಮುಚ್ಚಬಹುದು. ಕಂಪನಿಯ ಸ್ಪಾನ್ಸರ್ ಲೈಸೆನ್ಸ್ ರದ್ದಾದರೆ ಸಾಮಾನ್ಯವಾಗಿ ನಿಮಗೆ ಉಳಿಯೋದು 60 ದಿನ. ಅಷ್ಟರಲ್ಲಿ ಬೇರೆ ದಾರಿ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಮಾಲೀಕರು ಇನ್ನೊಂದು ಕಂಪನಿ ತೆರೆಯಬಹುದು. ಅರ್ಜಿಯ ಮೇಲಿರೋದು ನಿಮ್ಮ ಹೆಸರು.

ಮಾಲೀಕರಿಗಿಂತ ನನಗೆ ಜಾಸ್ತಿ ಸಿಟ್ಟು ಬಂದಿರೋದು ಆ ಭಾವನ ಮೇಲೆ. 'ಅಲ್ಲಿ ಎಲ್ಲರೂ ಹೀಗೇ ಮಾಡೋದು, ಸುಮ್ನೆ ಒಪ್ಕೋ' ಅಂದರಂತೆ. ಹೆದರಿ ಫೋನ್ ಮಾಡಿದ ಹುಡುಗಿಗೆ ಹೇಳುವ ಮಾತಾ ಇದು? ಅವರಿಗೆ ನಿಮ್ಮ ಕ್ಷೇಮಕ್ಕಿಂತ 'ನಮ್ಮ ನಾದಿನಿ ಲಂಡನ್‌ನಲ್ಲಿದ್ದಾಳೆ' ಅಂತ ಹೇಳಿಕೊಳ್ಳೋದೇ ಮುಖ್ಯ ಅಂತ ಕಾಣುತ್ತೆ. ನೀವಿರೋದು ಲೆಸ್ಟರ್‌ನಲ್ಲಿ ಅನ್ನೋದೂ ಅವರಿಗೆ ನೆನಪಿಲ್ಲ. ಇನ್ನು ಈ ವಿಷಯದಲ್ಲಿ ಅವರ ಸಲಹೆ ಕೇಳಬೇಡಿ.

ಬರೆದುಕೊಡಲು ಒಪ್ಪದವರ ಮಾತನ್ನು ನಂಬಬೇಡಿ ಅಂತ ಈ ಅಂಕಣದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಮದುವೆ ಮಾತುಕತೆಗೂ ಹೇಳಿದ್ದೆ, ಆಸ್ತಿ ಪಾಲಿಗೂ ಹೇಳಿದ್ದೆ. ನಿಮಗೂ ಅದನ್ನೇ ಹೇಳುತ್ತೇನೆ. ಇವತ್ತೇ ಮಾಲೀಕರಿಗೆ ಒಂದು ಇಮೇಲ್ ಕಳಿಸಿ: 'ನಿಯಮದ ಪ್ರಕಾರದ ಪೂರ್ತಿ ಸಂಬಳ ನನಗೇ ಉಳಿಯುವುದಾದರೆ ಮಾತ್ರ ಸ್ಪಾನ್ಸರ್‌ಶಿಪ್‌ಗೆ ಒಪ್ಪುತ್ತೇನೆ. ಹಣ ವಾಪಸ್ ಕೊಡುವುದಿಲ್ಲ.' ಇಷ್ಟು ಸಾಕು. ವಿವರಣೆ ಬೇಡ, ಕ್ಷಮೆಯೂ ಬೇಡ. ಪ್ರತಿಯನ್ನು ನಿಮ್ಮ ಸ್ವಂತ ಇಮೇಲ್‌ಗೂ ಕಳಿಸಿಕೊಳ್ಳಿ.

ಅವರು ಒಪ್ಪಿದರೆ, ನಿಮ್ಮ ಹುದ್ದೆಗೆ ಸರ್ಕಾರ ನಿಗದಿ ಮಾಡಿದ ಸಂಬಳದ ದರ 33,400ಕ್ಕಿಂತ ಜಾಸ್ತಿ ಇದೆಯಾ ಅಂತ, ವಲಸೆ ಸಲಹೆಗಾರರ ಮೇಲ್ವಿಚಾರಣೆ ಮಾಡುವ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿಸಿದ ಸಲಹೆಗಾರರಿಂದ ಖಚಿತ ಮಾಡಿಕೊಳ್ಳಿ. ಒಪ್ಪದಿದ್ದರೆ, ಲೈಸೆನ್ಸ್ ಇರುವ ಸ್ಪಾನ್ಸರ್‌ಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರವೇ ಪ್ರಕಟಿಸುತ್ತದೆ, ಅದನ್ನು ಹಿಡಿದು ನಾಲ್ಕು ತಿಂಗಳೂ ಅರ್ಜಿ ಹಾಕಿ. ಯಾವುದೂ ಕೈಗೂಡದಿದ್ದರೆ ವೀಸಾ ಮುಗಿಯುವ ಮೊದಲೇ ಹೊರಟು ಬನ್ನಿ. ದಾಖಲೆ ಸ್ವಚ್ಛವಾಗಿದ್ದರೆ ಮುಂದೆ ಮತ್ತೆ ಅರ್ಜಿ ಹಾಕಬಹುದು.