ಭಾರತೀಯ ರೈಲ್ವೆಯ ಡೀಸೆಲ್ ಎಂಜಿನ್‌ಗಳ ಪುಟ್ಟ ಪ್ರತಿಕೃತಿಗಳಲ್ಲಿ, ಒಂದೇ ಕ್ಯಾಬಿನ (ಚಾಲಕರ ಕೋಣೆಯ) ಡಬ್ಲ್ಯೂಡಿಪಿ-4ಬಿ ಮಾದರಿಯನ್ನು ಎರಡು ಕ್ಯಾಬಿನ ಡಬ್ಲ್ಯೂಡಿಪಿ-4ಡಿ ಆಗಿ ಮಾರ್ಪಡಿಸಬಹುದೇ?

ಖಂಡಿತ ಮಾರ್ಪಡಿಸಬಹುದು. ನಿಜವಾದ ಎರಡೂ ಎಂಜಿನ್‌ಗಳು 4,500 ಅಶ್ವಶಕ್ತಿಯವು, ಎರಡರಲ್ಲೂ ಆರೂ ಅಚ್ಚುಗಳಿಗೆ ಮೋಟಾರು ಇದೆ. ಆದ್ದರಿಂದ ಮಾದರಿಯ ಗಾಲಿಗಳನ್ನೂ ಗೇರುಗಳನ್ನೂ ಮುಟ್ಟದೆ ಮೇಲಿನ ಕವಚದ ಮೇಲಷ್ಟೇ ಗಮನವಿಡಿ.

ಕಷ್ಟದ ಕೆಲಸವೆಂದರೆ ಕ್ಯಾಬಿಲ್ಲದ ಕಡೆಯ ಉದ್ದ ಮೂತಿಯ ತುದಿಯನ್ನು ಕತ್ತರಿಸಿ ಅಲ್ಲಿ ಎರಡನೆಯ ಕ್ಯಾಬನ್ನು ಕೂರಿಸುವುದು. 1:87 ಅಳತೆಯಲ್ಲಿ ನಿಜವಾದ 10 ಸೆಂ.ಮೀ. ಎಂಬುದು ಬರೀ 1.15 ಮಿ.ಮೀ. ಆಗುವುದರಿಂದ, ಗುರುತಿನ ಗೆರೆಯಿಂದ ತುಸು ಹೊರಗೆ ತೆಳು ಗರಗಸದಿಂದ ಕೊಯ್ದು, ಉಳಿದುದನ್ನು ಉಜ್ಜುಕಾಗದದಿಂದ ನಿಧಾನವಾಗಿ ಸವೆಸಿ ಹೊಂದಿಸಬೇಕು. ಕ್ಯಾಬನ್ನು ಹಳೆಯ ಇನ್ನೊಂದು ಕವಚದಿಂದ ತೆಗೆಯಬಹುದು ಅಥವಾ ಸ್ಟೈರೀನ್ ಎಂಬ ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಬಹುದು. ಅಂಟಿಸುವ ಮೊದಲು ಒಳಗಿನ ಲೋಹದ ತೂಕ ಅದಕ್ಕೆ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಬಣ್ಣದ ವಿಷಯದಲ್ಲಿ ನಮ್ಮ ಕರಾವಳಿಯವರು ಆತುರಪಡಲೇಬಾರದು. ಕಾರವಾರದ ಮಳೆಗಾಲದ ತೇವದಲ್ಲಿ ಸಿಂಪಡಿಸಿದ ಲ್ಯಾಕರ್ ಬಿಳಿಚಿಕೊಳ್ಳುತ್ತದೆ. ಡಿಸೆಂಬರ್‌ನ ಒಣ ಮಧ್ಯಾಹ್ನದವರೆಗೆ ಕಾಯಿರಿ. ಮೊದಲು ಬೂದು ಪ್ರೈಮರ್ ಬಳಿಯಿರಿ, ಅಂಟಿಸಿದ ಜೋಡಣೆಯ ಗೆರೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 2022ರಲ್ಲಿ ಕೊಂಕಣ ರೈಲು ಮಾರ್ಗದ ವಿದ್ಯುದೀಕರಣ ಮುಗಿಯುವುದಕ್ಕೆ ಮುಂಚೆ ಶಿರವಾಡದಲ್ಲಿರುವ ಕಾರವಾರ ನಿಲ್ದಾಣದಲ್ಲಿ ಈ ಡೀಸೆಲ್ ಎಂಜಿನ್‌ಗಳನ್ನು ನೀವು ತೆಗೆದ ಫೋಟೋಗಳಿದ್ದರೆ, ಬಣ್ಣದ ಪಟ್ಟಿಗಳಿಗೆ ಅವನ್ನೇ ಆಧಾರವಾಗಿಟ್ಟುಕೊಳ್ಳಿ.